ವಿಕೃತಿ ಎಂದರೇನು?

'ವಿಕೃತಿ' ಎಂದೊಡನೆ ನಾವು ಕುರೂಪವನ್ನೋ ಕೆಟ್ಟ ಮನಸ್ಸನ್ನೋ ನೆನೆಯುತ್ತೇವೆ. ಶಬ್ದದ ಮೂಲಾರ್ಥ ಅಷ್ಟು ಕಠೋರವಲ್ಲ. ಇದ್ದ ರೂಪ ಬೇರೆಯಾಗುವುದೇ ವಿಕೃತಿ. ನೀರಿನಲ್ಲಿ ಅದ್ದಿದ ಕೋಲು ಮುರಿದಂತೆ ಕಾಣುವುದೂ, ಧ್ವನಿವರ್ಧಕದಲ್ಲಿ ಕಂಠ ಒಡೆದು ಕೇಳುವುದೂ ವಿಕೃತಿಯೇ. ಅಲ್ಲಿ ಯಾರ ದುರುದ್ದೇಶವೂ ಇಲ್ಲ.

ತಿಳಿದು ಮಾಡುವ ವಿಕೃತಿಯೂ ಉಂಟು. 1569ರಲ್ಲಿ ಮರ್ಕೇಟರ್ ರಚಿಸಿದ ಭೂಪಟದ ಕ್ರಮದಲ್ಲಿ ಗ್ರೀನ್‌ಲೆಂಡ್ ಹೆಚ್ಚುಕಡಿಮೆ ಆಫ್ರಿಕದಷ್ಟೇ ದೊಡ್ಡದಾಗಿ ತೋರುತ್ತದೆ. ವಾಸ್ತವದಲ್ಲಿ ಆಫ್ರಿಕ ಅದರ ಸುಮಾರು 14 ಪಟ್ಟು. ಆದರೆ ನಾವಿಕರಿಗೆ ದಿಕ್ಕು ತಪ್ಪದಿರಲೆಂದು ಮಾಡಿದ ಪಟವದು. ಅದರ ನಿಯಮ ಗುಟ್ಟಿನದಲ್ಲ. ವೇದಪಾಠದ ಜಟೆ, ಘನಗಳಿಗೂ 'ವಿಕೃತಿ' ಎಂದೇ ಹೆಸರು. ಪದಗಳನ್ನು ಹಿಂದುಮುಂದಾಗಿ ಹೇಳುವ ಆ ಕ್ರಮ ಇರುವುದು ಮೂಲಪಾಠವನ್ನು ಕಾಯುವುದಕ್ಕೆ.

ಹಾಗಾದರೆ ಖಂಡನೀಯವಾದುದು ಯಾವುದು? ಚರ್ಚಾಕೂಟದಲ್ಲಿ ಎದುರಾಳಿಯ ವಾಕ್ಯವನ್ನು 'ಆದರೆ' ಎಂಬಲ್ಲಿಗೆ ಕತ್ತರಿಸಿ, ಉಳಿದದ್ದನ್ನು ಬಚ್ಚಿಟ್ಟು, ಚಪ್ಪಾಳೆ ಗಿಟ್ಟಿಸುವುದು. ಇದಕ್ಕೆ ನಮ್ಮಲ್ಲಿ ಜಾಣತನವೆಂಬ ಹೆಸರಿದೆ. ಕನ್ನಡದಲ್ಲಿ 'ಮಾತು ತಿರುಚುವುದು' ಎಂಬ ನೇರವಾದ ನುಡಿಯಿದೆ. ಹಾಗೆ ಗೆದ್ದ ಬಹುಮಾನಕ್ಕಿಂತ, ಎದುರಾಳಿಯ ಮಾತನ್ನು ಪೂರ್ತಿಯಾಗಿ ಹೇಳಿ ಸೋಲುವುದೇ ಮೇಲೆಂದು ನನ್ನ ಮತ.