ಬದುವಿನ ಹುಲ್ಲಿಗೆ ಎಣ್ಣೆ ಹೊಡೆಯುವ ಮುನ್ನ

ಹಾಲು ಉತ್ಪಾದಕ ಸಹೋದರಿಯರೇ,

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಎಮ್ಮೆಯೊಂದರ ಗರ್ಭ ಪರೀಕ್ಷೆಗೆಂದು ಆನೆಗೊಂದಿ ಕಡೆ ಹೋಗಿದ್ದೆ. ಕೆಲಸ ಮುಗಿಸಿ ಕೈ ತೊಳೆಯುವಾಗ, ಏನೇನು ಮೇವು ಹಾಕುತ್ತೀರಿ ಎಂದು ಕೇಳಿದೆ. ಮನೆಯ ಹಿರಿಯ ತಾಯಿ ಆಗಷ್ಟೇ ತಂದಿದ್ದ ಹುಲ್ಲಿನ ಹೊರೆಯನ್ನು ನನ್ನ ಮುಂದೆಯೇ ಬಿಚ್ಚಿದರು. ಇದು ಗದ್ದೆ ಬದುವಿನದು, ಇದು ಕಾಲುವೆ ದಂಡೆಯದು, ಇದು ಗುಡ್ಡದ ಬುಡದ್ದು. ಇದನ್ನು ಎಮ್ಮೆ ಆಸೆಯಿಂದ ತಿನ್ನುತ್ತದೆ, ಇದನ್ನು ಮೂಸಿ ಬಿಡುತ್ತದೆ ಎಂದು ಒಂದೊಂದನ್ನೇ ಎತ್ತಿ ಹೆಸರು ಹೇಳಿದರು. ಪಶುವೈದ್ಯಕೀಯ ಪದವಿ ಓದಿದ ನನಗೆ ಅವುಗಳಲ್ಲಿ ಅರ್ಧದಷ್ಟೂ ಗೊತ್ತಿರಲಿಲ್ಲ. ಹೊರಗೆ ಬಂದಾಗ ಪಕ್ಕದ ಗದ್ದೆಯ ಬದು ಸುಟ್ಟಂತೆ ಹಳದಿಯಾಗಿ ನಿಂತಿತ್ತು. ಕಸಕ್ಕೆ ಎಣ್ಣೆ ಹೊಡೆದಿದ್ದರು.

ಆ ಬದುವಿನಲ್ಲಿ ಸತ್ತದ್ದು ಬರೀ ಕಸವಲ್ಲ ಎಂದು ಹೇಳುವುದಕ್ಕೇ ಈ ಲೇಖನ.

ನಾವು ಬಿತ್ತುವ ಬೆಳೆಗಳಿಗೆಲ್ಲ ಕಾಡಿನಲ್ಲಿ ಬಂಧುಗಳಿವೆ. ಭತ್ತಕ್ಕೆ ಕಾಡು ಭತ್ತ, ತೊಗರಿಗೆ ಕಾಡು ತೊಗರಿ, ಹೆಸರಿಗೆ ಕಾಡು ಹೆಸರು. ಇವು ದಖ್ಖನ್ ನೆಲದ ಕೆರೆ ಅಂಚು, ಬದು, ಕುರುಚಲು ಗುಡ್ಡಗಳಲ್ಲಿ ತಾವಾಗಿಯೇ ಬೆಳೆಯುತ್ತವೆ. ಇವುಗಳಿಗೆ ಯಾರೂ ನೀರು ಕಟ್ಟಿಲ್ಲ, ಗೊಬ್ಬರ ಹಾಕಿಲ್ಲ. ಬರವನ್ನೂ ರೋಗವನ್ನೂ ಹುಳುವನ್ನೂ ತಾವೇ ಎದುರಿಸಿ ಉಳಿದಿವೆ. ಆ ಗಟ್ಟಿತನವೇ ನಮ್ಮ ಬೆಳೆಗಳಿಗೆ ಬೇಕಾದ ಆಸ್ತಿ.

ಇದಕ್ಕೆ ಸಾಕ್ಷಿ ನಿಮ್ಮ ಹಿತ್ತಲಲ್ಲೇ ಇದೆ. ದನಕ್ಕೆ ಹಾಕುವ ಹೈಬ್ರಿಡ್ ನೇಪಿಯರ್ ಹುಲ್ಲಿನ ಒಂದು ಕಡೆಯ ಹಿರಿಯರು ಕುಷ್ಟಗಿ, ಯಲಬುರ್ಗಾ ಕಡೆ ಬಿತ್ತುವ ನಮ್ಮ ಸಜ್ಜೆ. ಇನ್ನೊಂದು ಕಡೆಯವರು ಆಫ್ರಿಕದ ಕಾಡುಹುಲ್ಲು, ಅದೇ ಆನೆ ಹುಲ್ಲು. ಸಜ್ಜೆಯ ಮೃದುತನ, ಕಾಡುಹುಲ್ಲಿನ ಇಳುವರಿ ಎರಡೂ ಕೂಡಿದ್ದರಿಂದಲೇ ವರ್ಷಕ್ಕೆ ಹಲವು ಬಾರಿ ಕೊಯ್ದರೂ ಮತ್ತೆ ಚಿಗುರುತ್ತದೆ. ಕುದುರೆಗೂ ಕತ್ತೆಗೂ ಹುಟ್ಟಿದ ಹೇಸರಗತ್ತೆಗೆ ಮರಿಯಾಗುವುದಿಲ್ಲವಲ್ಲ, ಹಾಗೆಯೇ ಈ ಹುಲ್ಲು ಬೀಜ ಕಟ್ಟುವುದಿಲ್ಲ. ಅದಕ್ಕೇ ನಾವು ಬೀಜ ಕೊಡದೆ ಕಾಂಡದ ತುಂಡು ಕೊಡುವುದು.

ಭತ್ತದ ಕಥೆ ಇನ್ನೂ ದೊಡ್ಡದು. 1970ರ ದಶಕದಲ್ಲಿ ಏಷ್ಯಾದ ಗದ್ದೆಗಳಿಗೆ ಭತ್ತವನ್ನು ಹುಲ್ಲಿನಂತೆ ಕುಳ್ಳಾಗಿಸುವ ವೈರಸ್ ರೋಗ ಬಂತು. ಫಿಲಿಪೈನ್ಸ್‌ನ ಅಂತಾರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯವರು 6,000ಕ್ಕೂ ಹೆಚ್ಚು ಮಾದರಿಗಳನ್ನು ಪರೀಕ್ಷಿಸಿದರು. ಒಳ್ಳೆಯ ನಿರೋಧಕ ಶಕ್ತಿ ಸಿಕ್ಕಿದ್ದು ನಮ್ಮ ಉತ್ತರ ಪ್ರದೇಶದಿಂದ ಹೋಗಿದ್ದ ಒಂದೇ ಒಂದು ಕಾಡು ಭತ್ತದಲ್ಲಿ. ಆ ಶಕ್ತಿಯನ್ನು ಪಡೆದ ಐಆರ್-36 ತಳಿ 1976ರಲ್ಲಿ ಬಿಡುಗಡೆಯಾಗಿ ಕೋಟ್ಯಂತರ ಜನರ ಊಟ ಉಳಿಸಿತು. ಯಾರೋ ಒಬ್ಬರು ಆ ಹುಲ್ಲಿನ ತೆನೆಯನ್ನು ಕಸವೆಂದು ಬಿಡದೆ ಚೀಲಕ್ಕೆ ಹಾಕಿಕೊಂಡಿದ್ದರಿಂದ ಇದು ಸಾಧ್ಯವಾಯಿತು. ಭತ್ತವನ್ನೇ ನಂಬಿದ ಗಂಗಾವತಿ ತಾಲ್ಲೂಕಿನವರಾದ ನಾವು ಇದನ್ನು ಮರೆಯಬಾರದು.

ಕಬ್ಬೂ ಹಾಗೆಯೇ. ನದಿ ದಂಡೆಗಳಲ್ಲಿ ಬೆಳ್ಳಗೆ ಹೂ ಬಿಡುವ ಕಾಡು ಕಬ್ಬನ್ನು ಊರ ಕಬ್ಬಿನೊಂದಿಗೆ ಸೇರಿಸಿ ಕೊಯಮತ್ತೂರಿನಲ್ಲಿ ಕೋ-205 ತಳಿ ಮಾಡಿ 1918ರಲ್ಲಿ ಬಿಡುಗಡೆ ಮಾಡಿದರು. ಮುಂದೆ ಅಲ್ಲಿಯೇ ಕಾಡು ಕಬ್ಬಿನ ಮೇಲೆ ಕೆಲಸ ಮಾಡಿದವರಲ್ಲಿ ಒಬ್ಬರು ಕೇರಳದ ತಲಶ್ಶೇರಿಯ ಜಾನಕಿ ಅಮ್ಮಾಳ್. ಹೆಣ್ಣುಮಕ್ಕಳು ಕಾಲೇಜು ಮೆಟ್ಟಿಲು ಹತ್ತುವುದೇ ಅಪರೂಪವಾಗಿದ್ದ ಕಾಲದ ಸಸ್ಯವಿಜ್ಞಾನಿ ಅವರು.

ಈಗಲೂ ಸಸ್ಯ ಸಂಶೋಧಕರು ಕಾಯಿ ಬಲಿಯುವ ಹೊತ್ತಿಗೆ ಬೆಟ್ಟ, ಬದು ಸುತ್ತುತ್ತಾರೆ. ಒಂದೇ ಗಿಡವನ್ನು ಬೋಳಿಸದೆ ಹಲವು ಗಿಡಗಳಿಂದ ಸ್ವಲ್ಪ ಸ್ವಲ್ಪ ಬೀಜ ತೆಗೆಯುತ್ತಾರೆ. ರೆಂಬೆಯೊಂದನ್ನು ಕಾಗದದ ನಡುವೆ ಒತ್ತಿ ಒಣಗಿಸುತ್ತಾರೆ. ಜಾಗ, ಮಣ್ಣು, ಊರವರು ಕರೆಯುವ ಹೆಸರು, ಬಳಕೆ ಎಲ್ಲ ಬರೆದುಕೊಳ್ಳುತ್ತಾರೆ. ದೆಹಲಿಯ ರಾಷ್ಟ್ರೀಯ ಸಸ್ಯ ತಳಿ ಸಂಪನ್ಮೂಲ ಬ್ಯೂರೋದಲ್ಲಿ ಇಂಥ ಬೀಜಗಳನ್ನು ಒಣಗಿಸಿ ಸೊನ್ನೆಗಿಂತ 18 ಡಿಗ್ರಿ ಕೆಳಗಿನ ಚಳಿಯಲ್ಲಿ ಇಡುತ್ತಾರೆ. ಒಳ್ಳೆಯ ಕೆಲಸ. ಆದರೆ ಪೆಟ್ಟಿಗೆಯಲ್ಲಿರುವ ಬೀಜ ಇಟ್ಟಂತೆಯೇ ಇರುತ್ತದೆ. ಹೊಸ ರೋಗ, ಹೊಸ ಬಿಸಿಲಿಗೆ ತಕ್ಕಂತೆ ವರ್ಷವರ್ಷವೂ ಬದಲಾಗುವುದು ಬದುವಿನ ಮೇಲಿನ ಗಿಡ. ಎರಡೂ ಬೇಕು.

ಸಂಶೋಧಕರು ಬಂದಾಗ ಸಾಮಾನ್ಯವಾಗಿ ಮಾತಾಡುವವರು ಹೊಲದ ಯಜಮಾನರು. ದಿನಾ ಕುಡುಗೋಲು ಹಿಡಿದು ಬಗ್ಗುವವರು ನೀವು. ಹೆಸರು ಗೊತ್ತಿರುವುದು ನಿಮಗೆ. ನನ್ನ ಆಕ್ಷೇಪ ಇರುವುದು ಇಲ್ಲಿಯೇ.

ಕೂಲಿಯವರು ಸಿಗುವುದಿಲ್ಲ, ಎಣ್ಣೆ ಹೊಡೆಯದೆ ಏನು ಮಾಡಲಿ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಗದ್ದೆಯೊಳಗೆ ಕಳೆ ಬೆಳೆಸಿ ಎಂದು ನಾನು ಹೇಳುತ್ತಿಲ್ಲ. ಬೆಳೆಯ ನಡುವೆ ಕಾಡು ಭತ್ತ ಬಂದರೆ ಕಾಳು ಉದುರುವ ಮೊದಲೇ ಕಿತ್ತುಹಾಕಿ. ಕಾಡಿನದೆಲ್ಲ ಅಮೃತವೂ ಅಲ್ಲ. ಎಳೆಯ ಜೋಳ, ಮಳೆ ಇಲ್ಲದೆ ಬಾಡಿದ ಜೋಳ, ಕೊಯ್ದ ಮೇಲೆ ಚಿಗುರಿದ ಕೂಳೆ, ಇವುಗಳಂತೆಯೇ ಜೋಳದ ಕಾಡು ಬಂಧುಗಳಲ್ಲೂ ಸಯನೈಡ್ ವಿಷ ಇರುತ್ತದೆ. ದನ ತಿಂದು ಉಸಿರಾಟಕ್ಕೆ ಒದ್ದಾಡಿದರೆ ಒಂದು ಕ್ಷಣವೂ ತಡಮಾಡದೆ ಡಾಕ್ಟರಿಗೆ ಫೋನ್ ಮಾಡಿ. ಎಣ್ಣೆ ಹೊಡೆದ ಬದುವಿನ ಹುಲ್ಲನ್ನು, ಡಬ್ಬಿಯ ಮೇಲೆ ಬರೆದಿರುವ ಅವಧಿ ಮುಗಿಯುವವರೆಗೆ ದನಕ್ಕೆ ಹಾಕಲೇಬೇಡಿ.

ನಾನು ಕೇಳುವುದು ಮೂರೇ. ಒಂದು, ನಿಮ್ಮ ಹೊಲದ ಒಂದು ಬದುವನ್ನಾದರೂ ಎಣ್ಣೆಯಿಂದ ಬಿಡಿಸಿ. ಕುಡುಗೋಲಿನಿಂದ ಕೊಯ್ದು ಎಮ್ಮೆಗೆ ಹಾಕಿ, ಅಲ್ಲೊಂದು ಇಲ್ಲೊಂದು ಬುಡ ಬೀಜವಾಗಲು ಬಿಡಿ. ಎರಡು, ಚೀಲ ಹಿಡಿದು ಯಾರಾದರೂ ಬಂದರೆ ನೀವೇ ಮುಂದೆ ಬಂದು ಮಾತಾಡಿ. ಯಾವ ಸಂಸ್ಥೆಯವರು, ಬೀಜ ಎಲ್ಲಿಗೆ ಹೋಗುತ್ತದೆ, ಊರಿಗೆ ಏನು ತಿಳಿಸುತ್ತೀರಿ ಎಂದು ಕೇಳಿ. ಮೂರು, 2002ರ ಜೀವವೈವಿಧ್ಯ ಕಾಯ್ದೆಯಡಿ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿಗಳಿವೆ. ಅದರ ಸದಸ್ಯರಲ್ಲಿ ಮೂರನೇ ಒಂದು ಭಾಗಕ್ಕೆ ಕಡಿಮೆ ಇಲ್ಲದಂತೆ ಮಹಿಳೆಯರಿರಬೇಕು. ಊರಿನ ಗಿಡ, ಪ್ರಾಣಿ, ಅವುಗಳ ತಿಳಿವಳಿಕೆಯನ್ನು ಬರೆದಿಡುವ ಜನತಾ ಜೀವವೈವಿಧ್ಯ ದಾಖಲಾತಿ ಆ ಸಮಿತಿಯ ಕೆಲಸ. ನಿಮ್ಮ ಪಂಚಾಯಿತಿಯ ದಾಖಲಾತಿಯಲ್ಲಿ ನಿಮ್ಮ ಮೇವಿನ ಹುಲ್ಲುಗಳಿವೆಯೇ? ಹೋಗಿ ಕೇಳಿ. ಇಲ್ಲದಿದ್ದರೆ ಬರೆಸಿ.

ಅಂದು ಹೊರೆ ಬಿಚ್ಚಿ ತೋರಿಸಿದ ಆ ತಾಯಿಯ ಸೊಸೆಗೆ ನಾಲ್ಕೈದು ಹುಲ್ಲಿನ ಹೆಸರು ಗೊತ್ತಿತ್ತು. ಮೊಮ್ಮಗಳಿಗೆ ಒಂದೂ ಗೊತ್ತಿರಲಿಲ್ಲ. ಗಿಡ ಹೋಗುವ ಮೊದಲು ಹೆಸರು ಹೋಗುತ್ತದೆ. ಹೆಸರು ಹೋದ ಮೇಲೆ ಉಳಿಯುವುದು ಬರೀ ಕಸ. ಕಸಕ್ಕೆ ಎಣ್ಣೆ ಹೊಡೆಯಲು ಯಾರೂ ಹಿಂದೆಮುಂದೆ ನೋಡುವುದಿಲ್ಲ.

ಮುಂದಿನ ಸಲ ನಿಮ್ಮ ಸಂಘದ ಸಭೆಗೆ ಬರುವಾಗ ಒಬ್ಬೊಬ್ಬರೂ ಒಂದೊಂದು ಹಿಡಿ ಬದುವಿನ ಹುಲ್ಲು ತನ್ನಿ. ನಾನು ನೋಟ್‌ಬುಕ್ ತರುತ್ತೇನೆ. ನೀವು ಹೇಳಿ, ನಾನು ಬರೆದುಕೊಳ್ಳುತ್ತೇನೆ.