ಗೃಹಸ್ಥನ ಯೋಗಕ್ಷೇಮ: ಟ್ರಾಕ್ಟರಿಗೆ ತಕ್ಕ ಟ್ರಾಲಿ

ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ಮನೆಯನ್ನೂ ಸಿರುಗುಪ್ಪ, ಕುರುಗೋಡುಗಳ ಕಡೆಯಲ್ಲಿ ಹೊಲಗದ್ದೆಗಳನ್ನೂ ಇಟ್ಟುಕೊಂಡಿರುವ ಗೃಹಸ್ಥರು ಅನೇಕರಿದ್ದಾರೆ. ತುಂಗಭದ್ರೆಯ ಅಣೆಕಟ್ಟು 1953ರಲ್ಲಿ ಮುಗಿದು ಕಾಲುವೆಗಳಲ್ಲಿ ನೀರು ಹರಿದ ಮೇಲೆ ಆ ಸೀಮೆಯಲ್ಲಿ ನೆಲ್ಲಿನ ಬೆಳೆ ಹೆಚ್ಚಿತು. ಕಾಲಕ್ರಮದಲ್ಲಿ ಎತ್ತಿನ ಬಂಡಿಯ ಸ್ಥಾನವನ್ನು ಬಹುಮಟ್ಟಿಗೆ ಟ್ರಾಕ್ಟರು ಪಡೆಯಿತು. ಟ್ರಾಕ್ಟರನ್ನು ಕೊಳ್ಳುವ ಮುನ್ನ ಹತ್ತು ಜನರನ್ನು ವಿಚಾರಿಸುವವರೂ ಸಹ, ಅದರ ಹಿಂದೆ ಕಟ್ಟತಕ್ಕ ಟ್ರಾಲಿಯನ್ನು ಮಾತ್ರ ಅಗ್ಗಕ್ಕೆ ದೊರೆತುದನ್ನೇ ತಂದುಬಿಡುವರು. ಇದು ವಿವೇಕವಲ್ಲವೆಂಬುದನ್ನು ಈ ತಿಂಗಳು ವಾಚಕರಲ್ಲಿ ವಿಜ್ಞಾಪಿಸಬೇಕೆಂದಿರುವೆವು.

ಶಾಸ್ತ್ರಕಾರರು ಅಂಧಪಂಗುನ್ಯಾಯವೆಂಬುದೊಂದನ್ನು ಹೇಳುವರು. ಕುರುಡನು ನಡೆಯಬಲ್ಲನು, ಕಾಣಲಾರನು. ಕುಂಟನು ಕಾಣಬಲ್ಲನು, ನಡೆಯಲಾರನು. ಇಬ್ಬರೂ ಕೂಡಿದರೆ ಊರು ಸೇರುವರು. ಹಾಗೆಯೇ ಟ್ರಾಕ್ಟರಿಗೆ ಬಲವುಂಟು, ಹೊರೆಯಿಡಲು ಎಡೆಯಿಲ್ಲ. ಟ್ರಾಲಿಗೆ ಎಡೆಯುಂಟು, ಬಲವಿಲ್ಲ. ಆದರೆ ಹೆಗಲೇರಿದವನು ಹೊತ್ತವನಿಗೆ ತಾಳುವಷ್ಟೇ ತೂಕದವನಾಗಿರಬೇಕಷ್ಟೆ. ಇಲ್ಲಿ ಬಹುಜನರು ಮರೆಯುವ ಸಂಗತಿಯೊಂದುಂಟು: ಎಳೆಯುವ ಶಕ್ತಿ ಬೇರೆ, ನಿಲ್ಲಿಸುವ ಶಕ್ತಿ ಬೇರೆ. ಎಳೆಯಿತೆಂಬ ಮಾತ್ರಕ್ಕೆ ತಕ್ಕುದೆಂದು ಭಾವಿಸಲಾಗದು.

ಅಮೆರಿಕೆಯಲ್ಲಿ ಅಡಿಗೆಮನೆ, ಹಾಸಿಗೆಗಳನ್ನೊಳಗೊಂಡ ಮೋಟಾರುಮನೆಗಳಲ್ಲಿ ದೇಶಸಂಚಾರ ಮಾಡುವವರು, ಇಳಿದ ಊರಿನೊಳಗೆ ತಿರುಗಾಡುವುದಕ್ಕಾಗಿ ಹಿಂದೆ ಚಿಕ್ಕ ಕಾರೊಂದನ್ನು ಕಟ್ಟಿಕೊಂಡು ಹೋಗುವುದುಂಟು. ಅಲ್ಲಿಯ ಜಾಣರು ಆ ಕಾರಿನ ಅಂದವನ್ನು ಮೊದಲು ನೋಡುವುದಿಲ್ಲ. ಅದರ ತೂಕವೆಷ್ಟು, ಮುಂದಣ ವಾಹನದ ಕೊಕ್ಕೆಯು ತಾಳುವುದೆಷ್ಟು, ಕಟ್ಟಿಸಿಕೊಂಡ ಕಾರಿಗೆ ಪ್ರತ್ಯೇಕ ಬ್ರೇಕಿನ ಏರ್ಪಾಡು ಉಂಟೇ ಎಂದು ವಿಚಾರಿಸುವರು. ಸ್ವಯಂಚಾಲಿತ ಗೇರಿನ ಅನೇಕ ಕಾರುಗಳಲ್ಲಿ ಎಂಜಿನು ನಡೆಯದಿದ್ದರೆ ಗೇರುಪೆಟ್ಟಿಗೆಯೊಳಗೆ ಎಣ್ಣೆ ಹರಿಯದು. ಅಂಥ ಕಾರನ್ನು ನಾಲ್ಕು ಗಾಲಿಗಳ ಮೇಲೆ ಉರುಳಿಸುತ್ತ ದೂರ ಎಳೆದೊಯ್ದರೆ ಒಳಗಣ ಭಾಗಗಳು ಕೆಟ್ಟುಹೋಗುವುವು. ಆದುದರಿಂದ ತಯಾರಕರ ಕೈಪಿಡಿಯೇ ಅವರಿಗೆ ಪ್ರಮಾಣ. ನಮಗೂ ಹಾಗೆಯೇ ಆಗತಕ್ಕದ್ದು.

ಟ್ರಾಲಿಗಳಲ್ಲಿ ಎರಡು ಗಾಲಿಯದು, ನಾಲ್ಕು ಗಾಲಿಯದು ಎಂದು ಎರಡು ಬಗೆ. ಮೊದಲನೆಯದರಲ್ಲಿ ಭಾರದ ಒಂದಂಶವು ಟ್ರಾಕ್ಟರಿನ ಕೊಕ್ಕೆಯ ಮೇಲೆ ಕೂರುವುದು. ಇದರಿಂದ ಹಿಂದಣ ದೊಡ್ಡ ಗಾಲಿಗಳಿಗೆ ನೆಲದ ಹಿಡಿತ ಹೆಚ್ಚಿ ಕೆಸರಿನಲ್ಲಿ ಅನುಕೂಲವಾಗುವುದು; ಹಿಂದಕ್ಕೆ ನಡೆಸುವುದೂ ಸುಲಭ. ಆದರೆ ಭಾರವು ಮಿತಿಮೀರಿದರೆ ಮುಂದಣ ಗಾಲಿಗಳು ಹಗುರವಾಗಿ, ತಿರುಗಿಸಿದತ್ತ ತಿರುಗವು. ಏರಿನಲ್ಲಿ ಟ್ರಾಕ್ಟರಿನ ಮುಂಭಾಗವೇ ಮೇಲೇಳುವುದು. ನಾಲ್ಕು ಗಾಲಿಯದು ತನ್ನ ಭಾರವನ್ನು ತಾನೇ ಹೊರುವುದರಿಂದ ಈ ಭಯ ಕಡಿಮೆ. ಆದರೆ ಹಿಂದಕ್ಕೆ ನಡೆಸುವುದು ಕಷ್ಟ. ಕಾಲುವೆಯ ಏರಿಯ ಕಿರಿದಾರಿಗೂ ಗದ್ದೆಯ ಕೆಸರಿಗೂ ಮೊದಲನೆಯದು, ನೇರವಾದ ರಸ್ತೆಯಲ್ಲಿ ದೂರದ ಮಾರುಕಟ್ಟೆಗೆ ಎರಡನೆಯದು ಯುಕ್ತವೆಂದು ನಮ್ಮ ಅಭಿಪ್ರಾಯ.

ಎತ್ತಿನ ಬಂಡಿಯಲ್ಲಿ ಹಿಂದೆ ಹೇರು ಹೆಚ್ಚಾದರೆ ಮೂಕಿ ಮೇಲೇಳುವುದನ್ನು ನಮ್ಮ ಹಿರಿಯರು ಬಲ್ಲವರಾಗಿದ್ದರು. ಎರಡು ಗಾಲಿಯ ಟ್ರಾಲಿಗೂ ಅದೇ ಧರ್ಮ. ಭಾರವು ಅಚ್ಚಿಗಿಂತ ಕೊಂಚ ಮುಂದಕ್ಕಿರಬೇಕು. ಹಿಂದೆ ಹೆಚ್ಚಿದರೆ ಟ್ರಾಲಿಯು ರಸ್ತೆಯ ಮೇಲೆ ಬಾಲದಂತೆ ಅಲ್ಲಾಡುವುದು. ಕೊಕ್ಕೆಯು ಟ್ರಾಕ್ಟರಿನ ಹಿಂದಣ ಅಚ್ಚಿಗಿಂತ ಕೆಳಗಿರಬೇಕು; ಮೇಲೆ ಕಟ್ಟಿ ಎಳೆದರೆ ಟ್ರಾಕ್ಟರು ಹಿಂದಕ್ಕೆ ಮಗುಚುವ ಅಪಾಯವುಂಟು. ಕೊಕ್ಕೆಯ ಕೀಲು ಸವೆದಿರಬಾರದು. ಅದು ಎದ್ದುಬರದಂತೆ ಕಡಾಣಿಯೂ, ಅದು ಮುರಿದರೂ ಟ್ರಾಲಿ ಕಳಚಿಹೋಗದಂತೆ ಸರಪಳಿಯೂ ಇರಬೇಕು. ಹಿಂಭಾಗದಲ್ಲಿ ಕೆಂಪು ದೀಪವಾಗಲಿ ಹೊಳೆಯುವ ಪಟ್ಟಿಯಾಗಲಿ ಇಲ್ಲದ ಟ್ರಾಲಿಯು ಕತ್ತಲೆಯಲ್ಲಿ ಹಿಂದೆ ಬರುವವರ ಪಾಲಿಗೆ ಮೃತ್ಯುಸ್ವರೂಪವೇ ಸರಿ.

ಟ್ರಾಕ್ಟರುಗಳಲ್ಲಿ ಸಾಮಾನ್ಯವಾಗಿ ಹಿಂದಣ ಎಡಗಾಲಿಗೊಂದು, ಬಲಗಾಲಿಗೊಂದು ಬ್ರೇಕಿನ ಪೆಡಲುಗಳಿರುವುವು. ಹೊಲದಲ್ಲಿ ಥಟ್ಟನೆ ತಿರುಗಿಸುವುದಕ್ಕೆ ಇದು ಉಪಕಾರಿ. ಆದರೆ ರಸ್ತೆಗೆ ಬಂದೊಡನೆ ಎರಡನ್ನೂ ಕೂಡಿಸುವ ಚಿಲಕವನ್ನು ಹಾಕದಿದ್ದರೆ, ಒಂದೇ ಗಾಲಿ ಹಿಡಿದು ವಾಹನವು ಮಗುಚೀತು. ವೇಗವು ಗಂಟೆಗೆ 15 ಕಿಲೋಮೀಟರಿನಿಂದ 30ಕ್ಕೆ ಏರಿದರೆ ಬ್ರೇಕು ತಡೆಯಬೇಕಾದ ಶಕ್ತಿ ಇಮ್ಮಡಿಯಲ್ಲ, ನಾಲ್ಮಡಿ. ಎಣ್ಣೆ ಉಳಿಸುವ ಆಸೆಯಿಂದ ಇಳಿಜಾರಿನಲ್ಲಿ ಗೇರು ತಪ್ಪಿಸಿ ಬಿಡುವುದು ಮಹಾಪಾಯಕರ. ಆಗ ಟ್ರಾಲಿಯೇ ಟ್ರಾಕ್ಟರನ್ನು ತಳ್ಳಿ ಅಡ್ಡಲಾಗಿ ಮಡಿಸಿಬಿಡುವುದು.

ಕಡೆಯದಾಗಿ, ಎಲ್ಲಕ್ಕಿಂತಲೂ ಮುಖ್ಯವಾದ ಮಾತು. ಕುರುಗೋಡಿನ ದೊಡ್ಡಬಸವೇಶ್ವರನ ತೇರಿಗೆಂದೋ, ಮೈಲಾರದ ಜಾತ್ರೆಗೆಂದೋ, ಮದುವೆಗೆಂದೋ ಹೆಂಗಸರು ಮಕ್ಕಳನ್ನು ಟ್ರಾಲಿಯಲ್ಲಿ ತುಂಬಿಕೊಂಡು ಹೋಗುವ ರೂಢಿಯು ನಮ್ಮ ಸೀಮೆಯಲ್ಲಿದೆ. ಟ್ರಾಲಿಯು ಮನುಷ್ಯರಿಗಾಗಿ ಕಟ್ಟಿದುದಲ್ಲ. ಅದರಲ್ಲಿ ಪೀಠವಿಲ್ಲ, ಹಿಡಿಯಲು ಆಧಾರವಿಲ್ಲ. ಮಗುಚಿದರೆ ಒಳಗಿದ್ದವರು ಅದರ ಕೆಳಗೇ ಸಿಕ್ಕುವರು. 1988ರ ಮೋಟಾರು ವಾಹನ ಕಾಯಿದೆಯಂತೆ ಟ್ರಾಲಿಯೂ ಒಂದು ಮೋಟಾರು ವಾಹನವೇ. ಅದಕ್ಕೂ ನೋಂದಣಿ, ವಿಮೆಗಳು ಬೇಕು. ಸರಕಿನ ವಾಹನದಲ್ಲಿ ಪುಕ್ಕಟೆಯಾಗಿ ಕುಳಿತು ಹೋಗುವವರ ವಿಷಯದಲ್ಲಿ ಪರಿಹಾರದ ಹೊಣೆ ವಿಮಾ ಕಂಪನಿಗಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2002ರಲ್ಲಿ ತೀರ್ಪಿತ್ತಿದೆ. ಹೀಗಿರಲು, ನೆರೆಹೊರೆಯವರಿಗೆ ಉಪಕಾರ ಮಾಡಹೋದ ಒಡೆಯನ ಮೇಲೆಯೇ ಹೊಣೆ ಬಂದು ಹೊಲಮನೆಗಳನ್ನು ಮಾರಬೇಕಾದೀತು. ಹೋದ ಪ್ರಾಣವಂತೂ ಯಾವ ಪರಿಹಾರದಿಂದಲೂ ಮರಳದು.

ಇಲ್ಲದುದನ್ನು ಪಡೆಯುವುದು ಯೋಗ, ಪಡೆದುದನ್ನು ಕಾಪಾಡುವುದು ಕ್ಷೇಮ ಎಂದು ಹಿರಿಯರು ಅರ್ಥ ಹೇಳುವರು. ಟ್ರಾಲಿಯನ್ನು ಕೊಂಡವರು ಯೋಗವನ್ನಷ್ಟೇ ಸಾಧಿಸಿದರು. ಮುಂದಿನ ಸುಗ್ಗಿಗೆ ಮೊದಲೇ ಕೀಲು, ಸರಪಳಿ, ಬ್ರೇಕು, ದೀಪ, ವಿಮೆಯ ಕಾಗದ ಇವಿಷ್ಟನ್ನು ಒಮ್ಮೆ ನೋಡಿಕೊಳ್ಳಿರಿ. ಟ್ರಾಲಿಯಲ್ಲಿ ನೆಲ್ಲೂ ಹುಲ್ಲೂ ಹೋಗಲಿ. ಮನೆಯವರು ಜಾತ್ರೆಗೆ ಬಸ್ಸಿನಲ್ಲಿ ಹೋಗಿ ಸುಖವಾಗಿ ಬರಲಿ.