ನವಲಗುಂದದ ಪ್ರಶ್ನೆಯನ್ನು ದಿಲ್ಲಿಯಲ್ಲಿ ಕೇಳುವವರಾರು?

ಪಾರ್ಲಿಮೆಂಟಿನ ಅಧಿವೇಶನವು ಆರಂಭವಾಯಿತೆಂದರೆ ನಮ್ಮ ಪೇಟೆಯ ಕಟ್ಟೆಗಳ ಮೇಲೆ ಒಂದು ಮಾತು ತಪ್ಪದೆ ಕೇಳಬರುವದು. ವಿರೋಧ ಪಕ್ಷದವರಿಗೆ ಬೇರೆ ಉದ್ಯೋಗವಿಲ್ಲ, ಸರಕಾರವು ಏನು ಮಾಡಹೋದರೂ ಎದ್ದು ನಿಂತು ಅಡ್ಡ ಪ್ರಶ್ನೆ ಕೇಳುವದೊಂದೇ ಅವರ ಕೆಲಸ, ಎಂದು ಓದು ಬಲ್ಲವರೂ, ಶಾಲೆಯಲ್ಲಿ ಮಕ್ಕಳಿಗೆ ಪೌರನೀತಿಯನ್ನು ಕಲಿಸುವವರೂ ಸಹ ಆಡುವದನ್ನು ಕೇಳಿ ನಮಗೆ ವ್ಯಸನವಾಗುತ್ತದೆ. ಬೇರೆ ಜಿಲ್ಲೆಯವರು ಹೀಗೆ ಆಡಿದರೆ ಆಡಲಿ. ಮಹಾದಾಯಿಯ ನೀರಿನ ದಾರಿಯನ್ನು ಕಾಯುತ್ತ ಕುಳಿತ ನವಲಗುಂದ, ಅಣ್ಣಿಗೇರಿ, ಕುಂದಗೋಳಗಳ ಜನರು ಹೀಗೆ ಆಡಬಹುದೇ? ದಿಲ್ಲಿಯಲ್ಲಿ ಅವರಿಗಿರುವ ನಾಲಿಗೆಯು ಆ ಅಡ್ಡ ಪ್ರಶ್ನೆಯೊಂದೇ ಎಂಬದನ್ನು ಅವರು ಮರೆತಂತೆ ತೋರುತ್ತದೆ.

ಈ ಪ್ರಶ್ನೆ ಕೇಳುವ ಹಕ್ಕು ನಮಗೆ ಪುಕ್ಕಟೆಯಾಗಿ ಬಂದುದಲ್ಲ. 1861ರ ಕಾಯದೆಯಂತೆ ರಚಿತವಾದ ಶಾಸನಸಭೆಯಲ್ಲಿ ಕಾಯದೆಯ ಮಸೂದೆಯನ್ನು ಬಿಟ್ಟು ಬೇರೆ ಮಾತೆತ್ತುವ ಅಧಿಕಾರವೇ ಸದಸ್ಯರಿಗೆ ಇದ್ದಿಲ್ಲ. 1892ರ ಕಾಯದೆಯು ಪ್ರಶ್ನೆಗೆ ಬಾಗಿಲು ತೆರೆಯಿತು. ಮರುವರ್ಷ, 1893ರ ಫೆಬ್ರುವರಿ 16ರಂದು, ಭಿಂಗಾದ ಮಹಾರಾಜರು ಮೊದಲನೆಯ ಪ್ರಶ್ನೆಯನ್ನು ಕೇಳಿದರು. ಅದು ಯಾವ ವಿಷಯದ್ದು ಬಲ್ಲಿರಾ? ಸಾಹೇಬರ ಸವಾರಿಯು ಹಳ್ಳಿಗೆ ಬಂದಾಗ ಅವರ ಡೇರೆಗೆ ಸಾಮಾನು ಸರಬರಾಯಿ ಮಾಡುವದರಲ್ಲಿ ಹಳ್ಳಿಯ ಅಂಗಡಿಕಾರನು ಪಡುವ ಕಷ್ಟದ ವಿಷಯವದು! ಸಾಮ್ರಾಜ್ಯದ ಸಭೆಯಲ್ಲಿ ಮೊದಲು ಎದ್ದ ಪ್ರಶ್ನೆಯು ಹಳ್ಳಿಯ ಅಂಗಡಿಯ ಅಕ್ಕಿ ಬೇಳೆಯದಾಗಿದ್ದಿತು. ಅಷ್ಟಾದರೂ ಉತ್ತರ ಬಂದ ಮೇಲೆ ಮತ್ತೆ ಬಾಯಿ ತೆರೆಯುವಂತೆ ಇರಲಿಲ್ಲ. ಉಪಪ್ರಶ್ನೆ ಕೇಳುವ ಅವಕಾಶವು 1909ರಲ್ಲಿ ದೊರೆಯಿತು, ಅದೂ ಮೂಲ ಪ್ರಶ್ನೆ ಕೇಳಿದವನಿಗೆ ಮಾತ್ರ. ನ್ಯಾಯಾಲಯದಲ್ಲಿ ಪಾಟೀಸವಾಲಿನಿಂದಲೇ ಹೊಟ್ಟೆ ಹೊರೆಯುವ ನಮ್ಮಂಥವರಿಗೆ ಇದರ ಬೆಲೆ ಗೊತ್ತು. ಸಾಕ್ಷಿದಾರನ ಮೊದಲನೆಯ ಉತ್ತರವು ಯಾವಾಗಲೂ ಬಾಯಿಪಾಠದ್ದು. ಸತ್ಯವು ಹೊರಬೀಳುವದು ಎರಡನೆಯ ಮೂರನೆಯ ಪ್ರಶ್ನೆಗೆ.

ಇನ್ನು ಧಾರವಾಡದ ಗ್ರಹಚಾರವನ್ನು ನೋಡಿರಿ. ಮಂತ್ರಿಯಾದವನು ಸಭೆಯಲ್ಲಿ ಪ್ರಶ್ನೆ ಕೇಳುವದಿಲ್ಲ. ಉತ್ತರ ಹೇಳುವದು ಅವನ ಧರ್ಮ. ನಮ್ಮ ಜಿಲ್ಲೆಯಿಂದ ಹೋದವರೋ ಮಂತ್ರಿ ಪೀಠವನ್ನು ಬೇಗನೆ ಸೇರುವ ಭಾಗ್ಯವಂತರು. ಮೊದಲನೆಯ ಎರಡು ಲೋಕಸಭೆಗಳಲ್ಲಿ ದ. ಪ. ಕರಮರಕರ ಅವರು ಮಂತ್ರಿಮಂಡಲದಲ್ಲಿದ್ದರು; ಅನಂತರ ಬಂದ ಸರೋಜಿನಿ ಮಹಿಷಿಯವರು ಉಪಮಂತ್ರಿಯೂ ರಾಜ್ಯಮಂತ್ರಿಯೂ ಆದರು; ಪ್ರಲ್ಹಾದ ಜೋಶಿಯವರು 2019ರಿಂದ ಸಂಪುಟದ ಮಂತ್ರಿಗಳು, ಅದರಲ್ಲಿಯೂ 2024ರ ವರೆಗೆ ಪಾರ್ಲಿಮೆಂಟಿನ ವ್ಯವಹಾರದ ಖಾತೆಯೇ ಅವರದು. ಇದರಲ್ಲಿ ನಮಗೆ ಅಭಿಮಾನವಿಲ್ಲವೆಂದಲ್ಲ. ಆದರೆ ಲೆಕ್ಕ ಹೀಗಾಗುತ್ತದೆ: ನಮ್ಮ ಮನುಷ್ಯನು ಉತ್ತರ ಹೇಳುವ ಬಾಕಿನ ಮೇಲೆ ಕುಳಿತಂದಿನಿಂದ ನವಲಗುಂದದ ಒಕ್ಕಲಿಗನ ಪರವಾಗಿ ಪ್ರಶ್ನೋತ್ತರದ ವೇಳೆಯಲ್ಲಿ ಏಳುವವನು ಪರಜಿಲ್ಲೆಯವನೇ ಆಗಬೇಕು. ಮಂತ್ರಿಯು ಕೋಣೆಯೊಳಗೆ ಕುಳಿತು ನಮಗಾಗಿ ಎಷ್ಟು ದುಡಿದರೂ ಅದು ಕೋಣೆಯೊಳಗಿನ ಮಾತು. ಬಹಿರಂಗದಲ್ಲಿ ಕೇಳಿ, ದಾಖಲೆಯ ಪುಸ್ತಕದಲ್ಲಿ ಉತ್ತರವನ್ನು ಬರೆಯಿಸುವ ಕೆಲಸವು ಎದುರು ಪಕ್ಷದವನ ಪಾಲಿಗೆ ಬರುತ್ತದೆ.

ಬರೆಯಿಸಬೇಕಾದುದು ಅಲ್ಪವಾಗಿದೆಯೇ? ಖಾನಾಪುರ ತಾಲೂಕಿನ ಕಳಸಾ, ಬಂಡೂರಿ ಹಳ್ಳಗಳ ನೀರನ್ನು ಮಲಪ್ರಭೆಗೆ ತಿರುಗಿಸಿ, ಹುಬ್ಬಳ್ಳಿ ಧಾರವಾಡ ಕುಂದಗೋಳಗಳಿಗೂ ದಾರಿಯ ಹಳ್ಳಿಗಳಿಗೂ ಕುಡಿಯಲು ಕೊಡುವ ಯೋಜನೆಗೆ 2002ರ ಏಪ್ರಿಲ 30ರಂದು ಕೇಂದ್ರ ಸರಕಾರವು 7.56 ಟಿ.ಎಂ.ಸಿ. ನೀರಿನ ತಾತ್ವಿಕ ಒಪ್ಪಿಗೆಯನ್ನು ಕೊಟ್ಟಿತು. ಗೋವೆಯು ತಕರಾರೆತ್ತಿತು, ಅದೇ ವರ್ಷದ ಸಪ್ಟಂಬರ 19ರಂದು ಆ ಒಪ್ಪಿಗೆಯನ್ನು ತಡೆಹಿಡಿಯಲಾಯಿತು. ಕೊಟ್ಟ ಕೈ ಐದು ತಿಂಗಳೊಳಗೆ ಕಸಿದುಕೊಂಡಿತು. ಆಗ ದಿಲ್ಲಿಯಲ್ಲಿದ್ದುದು ವಾಜಪೇಯಿಯವರ ಸರಕಾರ. ಅವರು ಹೋಗಿ 2004ರಿಂದ 2014ರ ವರೆಗೆ ಹತ್ತು ವರ್ಷ ಕಾಂಗ್ರೆಸ್ಸಿನ ಮುಂದಾಳುತನದ ಸರಕಾರವಿದ್ದಿತು. ತಡೆಯು ತೆಗೆಯಲ್ಪಡಲಿಲ್ಲ, 2010ರ ನವೆಂಬರದಲ್ಲಿ ನ್ಯಾಯಾಧಿಕರಣವು ನೇಮಕವಾಯಿತು. ಅದು ತೀರ್ಪು ಕೊಟ್ಟುದು 2018ರ ಆಗಸ್ಟ 14ರಂದು. ಕರ್ನಾಟಕಕ್ಕೆ ಒಟ್ಟು 13.42 ಟಿ.ಎಂ.ಸಿ. ಎಂದು ಕೇಳಿ ಊರೂರಲ್ಲಿ ಗುಲಾಲು ಹಾರಿತು. ಗುಲಾಲು ಝಾಡಿಸಿಕೊಂಡು ಲೆಕ್ಕ ನೋಡಬೇಕಿದ್ದಿತು! ಅದರಲ್ಲಿ 8.02 ವಿದ್ಯುತ್ತಿನ ಉತ್ಪಾದನೆಗೆ, 1.5 ಆ ನದಿಯ ಕಣಿವೆಯೊಳಗಿನ ಬಳಕೆಗೆ. ಮಲಪ್ರಭೆಯ ಕಡೆಗೆ ಬರುವದು ಕಳಸೆಯಿಂದ 1.72, ಬಂಡೂರಿಯಿಂದ 2.18, ಕೂಡಿಸಿದರೆ 3.90. ಕೇಳಿದ್ದರಲ್ಲಿ ಅರ್ಧಕ್ಕಿಂತ ತುಸು ಮೇಲು.

ಅಷ್ಟನ್ನಾದರೂ ತರುವ ಪ್ರಯತ್ನದಲ್ಲಿ ಹಳೆಯ ನಾಟಕವೇ ಮತ್ತೊಮ್ಮೆ ನಡೆಯಿತು. 2019ರ ಅಕ್ಟೋಬರದಲ್ಲಿ ಪರಿಸರ ಖಾತೆಯು, ಇದು ಕುಡಿಯುವ ನೀರಿನ ಯೋಜನೆಯಾದುದರಿಂದ ಪರಿಸರದ ಅನುಮತಿ ಬೇಕಿಲ್ಲವೆಂದು ಬರೆಯಿತು. ಡಿಸೆಂಬರದಲ್ಲಿ ಆ ಪತ್ರವನ್ನೇ ತಡೆಹಿಡಿಯಿತು. ಈ ಸಲ ಎರಡೇ ತಿಂಗಳು! 2020ರ ಫೆಬ್ರುವರಿಯಲ್ಲಿ ತೀರ್ಪು ರಾಜಪತ್ರದಲ್ಲಿ ಪ್ರಕಟವಾಯಿತು, 2022ರ ಡಿಸೆಂಬರದಲ್ಲಿ ಕೇಂದ್ರ ಜಲ ಆಯೋಗವು ವಿವರವಾದ ಯೋಜನೆಗೆ ಸಮ್ಮತಿಸಿತು, 2024ರ ಜನವರಿಯಲ್ಲಿ ವನ್ಯಜೀವಿ ಮಂಡಳಿಯ ಸ್ಥಾಯಿ ಸಮಿತಿಯು ವಿಷಯವನ್ನು ಮುಂದಕ್ಕೆ ಹಾಕಿತು. ಕಾಡಿನ ರಕ್ಷಣೆ ಬೇಡವೆಂದು ನಾವು ಹೇಳುವವರಲ್ಲ. ಕಾಡೂ ನೀರೂ ಒಂದೇ ತಾಯಿಯ ಮಕ್ಕಳು. ಆದರೆ ಒಂದು ಖಾತೆಯು ಕೊಟ್ಟ ಹೂಂಕಾರವನ್ನು ಇನ್ನೊಂದು ಮೇಜು ನುಂಗುವದಾದರೆ ಅದರ ಕಾರಣವು ಎರೆಹೊಲದ ನಡುವೆ ಸವಳು ಬಾವಿಯ ದಂಡೆಯಲ್ಲಿ ಕೊಡ ಹಿಡಿದು ನಿಂತ ಹೆಂಗಸಿಗೆ ಗೊತ್ತಾಗಬೇಡವೇ?

ಮಂತ್ರಿಗಳ ಉತ್ತರಗಳಲ್ಲಿಯೂ ಜಾತಿಗಳುಂಟು. 'ಮಾಹಿತಿಯನ್ನು ಸಂಗ್ರಹಿಸಲಾಗುತ್ತಿದೆ' ಎಂಬದು ಒಂದು. 'ವಿಷಯವು ಪರಿಶೀಲನೆಯಲ್ಲಿದೆ' ಎಂಬದು ಇನ್ನೊಂದು. ವಿಷಯವು ನ್ಯಾಯಪೀಠದ ಮುಂದಿದೆ ಎಂಬದು ಎಲ್ಲಕ್ಕೂ ಭದ್ರವಾದ ಕೋಟೆ. ಆದರೂ ಉತ್ತರವು ದಾಖಲಾದ ಕೂಡಲೆ ಅದಕ್ಕೆ ಒಂದು ಕೊಂಡಿ ಬೀಳುತ್ತದೆ. ಸಭೆಯಲ್ಲಿ ಮಂತ್ರಿಯು ಕೊಟ್ಟ ಆಶ್ವಾಸನವನ್ನು ಮೂರು ತಿಂಗಳೊಳಗೆ ನಡೆಯಿಸಬೇಕೆಂದು ಕಟ್ಟಳೆಯುಂಟು. ನಡೆದಿದೆಯೇ ಇಲ್ಲವೇ ಎಂದು ನೋಡಲು ಲೋಕಸಭೆಯಲ್ಲಿ 1953ರಿಂದ ಒಂದು ಸಮಿತಿಯೇ ಇದೆ. ಭಾಷಣಕ್ಕೆ ಇಂಥ ಕೊಂಡಿ ಇಲ್ಲ. ಮೆರವಣಿಗೆಗೂ ಇಲ್ಲ.

ಇಂಥ ಆಯುಧವನ್ನು ಮೊಂಡು ಮಾಡಲು ಸರಕಾರಗಳಿಗೆ ನೆವ ಬೇಕಷ್ಟೆ. 2020ರ ಸಪ್ಟಂಬರದ ಅಧಿವೇಶನದಲ್ಲಿ ಕೊರೋನಾ ರೋಗದ ಹೆಸರಿನಲ್ಲಿ ಪ್ರಶ್ನೋತ್ತರದ ವೇಳೆಯನ್ನೇ ಕೈಬಿಟ್ಟರು. ಬರಹದ ಉತ್ತರಗಳು ಬಂದವು, ನಿಜ. ಉಪಪ್ರಶ್ನೆಯಿಲ್ಲದ ಉತ್ತರವೆಂದರೆ 1909ರ ಹಿಂದಿನ ಸ್ಥಿತಿಯೇ ಸರಿ. 2023ರ ಡಿಸೆಂಬರದಲ್ಲಿ ಸಭೆಯೊಳಗೆ ಆಗಂತುಕರು ಜಿಗಿದ ಸಂಗತಿಯ ಬಗ್ಗೆ ಗೃಹಮಂತ್ರಿಗಳ ಹೇಳಿಕೆಯನ್ನು ಬೇಡಿ ಗದ್ದಲವೆಬ್ಬಿಸಿದ ಎದುರು ಪಕ್ಷದ 146 ಸದಸ್ಯರನ್ನು ಎರಡೂ ಸಭೆಗಳಿಂದ ಅಮಾನತಿನಲ್ಲಿಟ್ಟರು. ಅಮಾನತಾದವರ ಹೆಸರಿನ ಪ್ರಶ್ನೆಗಳನ್ನು ಪಟ್ಟಿಯಿಂದ ಹೊಡೆದುಹಾಕಿದರು. ಆ ಲೋಕಸಭೆಗೆ ಕರ್ನಾಟಕದಿಂದ ಹೋದ 28 ಜನರಲ್ಲಿ ಕಾಂಗ್ರೆಸ್ಸಿನವರು ಒಬ್ಬರೇ, ಡಿ. ಕೆ. ಸುರೇಶ ಅವರು. ಅವರೂ ಕೊನೆಗೆ ಹೊರಬಿದ್ದರು. ಗದ್ದಲವು ಶೋಭೆಯಲ್ಲವೆಂದು ಬೇಕಾದರೆ ಹೇಳಿರಿ, ಒಪ್ಪುತ್ತೇವೆ. ಕೇಳಿದವನ ತಪ್ಪಿಗೆ ಪ್ರಶ್ನೆಗೇಕೆ ಶಿಕ್ಷೆ?

ಹೀಗೆಂದು ನಾವು ವಿರೋಧ ಪಕ್ಷದ ಪಲ್ಲಕ್ಕಿಯನ್ನು ಹೊರಲು ಬಂದವರಲ್ಲ. ಅವರ ರೋಗವನ್ನೂ ನಾವು ಕಂಡಿದ್ದೇವೆ. ಎದುರು ಬಾಕಿನ ಮೇಲಿದ್ದಾಗ ಬಾಯಿ, ಅಧಿಕಾರದ ಬಾಕಿಗೆ ಹೋದೊಡನೆ ಮೌನ. 1980ರ ಜುಲೈ 21ರಂದು ಮಲಪ್ರಭೆಯ ಕಾಲುವೆಯ ಸುಧಾರಣಾ ಕರಕ್ಕೆ ವಿರೋಧವಾಗಿ ನವಲಗುಂದ ನರಗುಂದಗಳಲ್ಲಿ ರೈತರು ಎದ್ದು, ಗುಂಡು ಹಾರಿ, ರೈತರೂ ಪೊಲೀಸರೂ ಪ್ರಾಣ ಕಳೆದುಕೊಂಡಾಗ ರಾಜ್ಯದಲ್ಲಿ ಗುಂಡೂರಾಯರ ಕಾಂಗ್ರೆಸ್ ಸರಕಾರವಿದ್ದಿತು. 2016ರ ಜುಲೈ ಕೊನೆಯಲ್ಲಿ ನ್ಯಾಯಾಧಿಕರಣವು ಮಧ್ಯಂತರದ ಬೇಡಿಕೆಯನ್ನು ತಳ್ಳಿಹಾಕಿದ ಮೇಲೆ ಗಲಭೆಯೆದ್ದು, ಪೊಲೀಸರು ಯಮನೂರಿನ ಮನೆಗಳಿಗೆ ನುಗ್ಗಿ ಹೆಂಗಸರನ್ನೂ ಮುದುಕರನ್ನೂ ಬಡಿದಾಗಲೂ ಕಾಂಗ್ರೆಸ್ಸೇ ಆಳುತ್ತಿದ್ದಿತು. ಅಂದು ಬೆಂಗಳೂರಿನಲ್ಲಿ ಎದ್ದು ಕೇಳಿದವರು ಭಾರತೀಯ ಜನತಾ ಪಕ್ಷದವರು. ಅದೇ ಪಕ್ಷದವರು ದಿಲ್ಲಿಯಲ್ಲಿ ಉತ್ತರ ಹೇಳುವವರಾಗಿದ್ದರು. ಒಂದೇ ಪಕ್ಷಕ್ಕೆ ಎರಡು ಊರುಗಳಲ್ಲಿ ಎರಡು ಗಂಟಲು!

ಆಳುವ ಪಕ್ಷದವನು ತನ್ನ ಸರಕಾರವನ್ನು ಕೇಳಬಾರದೆಂದು ಯಾವ ಸ್ಮೃತಿಯಲ್ಲಿ ಬರೆದಿದೆ? 1957ರಲ್ಲಿ ಜೀವವಿಮಾ ನಿಗಮವು ಮುಂಧ್ರಾ ಎಂಬ ವ್ಯಾಪಾರಿಯ ಕಂಪನಿಗಳ ಶೇರುಗಳಿಗೆ ಸುಮಾರು 1.25 ಕೋಟಿ ರೂಪಾಯಿ ಸುರಿದ ಸಂಗತಿಯನ್ನು ಬಯಲಿಗೆಳೆದ ಫಿರೋಜ ಗಾಂಧಿಯವರು ಕಾಂಗ್ರೆಸ್ಸಿನವರು, ಪ್ರಧಾನಮಂತ್ರಿಗಳ ಅಳಿಯಂದಿರು. ನ್ಯಾಯಮೂರ್ತಿ ಛಾಗಲಾರ ವಿಚಾರಣೆಯಾಗಿ, 1958ರ ಫೆಬ್ರುವರಿಯಲ್ಲಿ ಅರ್ಥಮಂತ್ರಿ ಟಿ. ಟಿ. ಕೃಷ್ಣಮಾಚಾರಿಯವರು ರಾಜೀನಾಮೆ ಕೊಟ್ಟರು. ನಮ್ಮ ಕಡೆಯ ಆಳುವ ಪಕ್ಷದ ಸದಸ್ಯರು ಅಳಿಯನಿಗಿಂತ ಹೆಚ್ಚಿನ ನಂಟರೇ?

ಆದುದರಿಂದ ನವಲಗುಂದ, ಅಣ್ಣಿಗೇರಿ, ಕುಂದಗೋಳಗಳ ಶಿಕ್ಷಕ ಬಂಧುಗಳಲ್ಲಿಯೂ ಪೇಟೆಯ ಗೃಹಸ್ಥರಲ್ಲಿಯೂ ನಮ್ಮ ಅರಿಕೆ ಇಷ್ಟು. ಮನವಿ, ಹಾರ, ಸತ್ಕಾರಗಳನ್ನು ಒಂದು ವರ್ಷ ನಿಲ್ಲಿಸಿ, ರಾಜ್ಯಸಭೆಯಲ್ಲಿರುವ ಕರ್ನಾಟಕದ 12 ಜನರಿಗೂ, ಲೋಕಸಭೆಯಲ್ಲಿ ಮಂತ್ರಿಗಳಲ್ಲದ ನಮ್ಮ ಸದಸ್ಯರೆಲ್ಲರಿಗೂ, ಪಕ್ಷ ನೋಡದೆ ಕಾಗದ ಬರೆಯಿರಿ. ಕಾಗದದಲ್ಲಿ ಸ್ತುತಿ ಬೇಡ, ನಿಂದೆ ಬೇಡ. ಪ್ರಶ್ನೆಯನ್ನೇ ಸಿದ್ಧ ಮಾಡಿ ಕಳಿಸಿರಿ. 2002ರ ಒಪ್ಪಿಗೆಯನ್ನು ಯಾರ ಸಹಿಯಿಂದ, ಯಾವ ಕಾರಣಕ್ಕೆ ತಡೆಹಿಡಿಯಲಾಯಿತು? 2019ರ ಅಕ್ಟೋಬರದ ಪತ್ರಕ್ಕೂ ಡಿಸೆಂಬರದ ಪತ್ರಕ್ಕೂ ನಡುವೆ ಯಾವ ಹೊಸ ಸಂಗತಿಯು ತಿಳಿದುಬಂದಿತು? 3.90 ಟಿ.ಎಂ.ಸಿ. ನೀರು ಮಲಪ್ರಭೆಯನ್ನು ಮುಟ್ಟಲು ಇನ್ನೂ ಯಾವ ಯಾವ ಕಚೇರಿಯ ಸಮ್ಮತಿಯು ಬಾಕಿ, ಪ್ರತಿಯೊಂದರಲ್ಲಿಯೂ ಕಡತವು ಎಷ್ಟು ದಿನದಿಂದ ಬಿದ್ದಿದೆ? ಪ್ರಶ್ನೆಗೆ 15 ದಿನಗಳ ಮುಂಗಡ ಸೂಚನೆ ಬೇಕಾಗುವದರಿಂದ, ಕಾಗದವು ಅಧಿವೇಶನದ ತಿಂಗಳ ಮೊದಲೇ ಟಪಾಲಿಗೆ ಬೀಳಲಿ. ಉತ್ತರ ಬಂದ ದಿನ ಅದನ್ನು ಊರ ವಾಚನಾಲಯದ ಹಲಗೆಯ ಮೇಲೆ ಅಂಟಿಸಿರಿ. ಪಕ್ಕದಲ್ಲಿ 2002ರ ಎರಡು ತಾರೀಖುಗಳನ್ನು ಬರೆದಿಡಲು ಮರೆಯಬೇಡಿರಿ.